ಮೂರು ಸ್ಯಾಕ್ ಯಾರ ಲೆಕ್ಕಕ್ಕೆ?

ಶುಕ್ರವಾರ ರಾತ್ರಿ ಪಂದ್ಯ ಮುಗಿದರೆ ಶನಿವಾರ ಬೆಳಿಗ್ಗೆ ನನ್ನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಅಮೆರಿಕದ ಒಹಾಯೊದ ಒಂದು ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಫೆನ್ಸಿವ್ ಲೈನ್‌ನ, ಅಂದರೆ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎದುರಾಳಿಗಳಿಂದ ಕಾಯುವ ಐವರ ಸಾಲಿನ, ಹುಡುಗರನ್ನು ತಯಾರು ಮಾಡುವುದು, ಪ್ರತಿ ಪಂದ್ಯದ ನಂತರ ಚಿತ್ರೀಕರಣವನ್ನು ಮತ್ತೆ ಮತ್ತೆ ನೋಡಿ ಒಬ್ಬೊಬ್ಬನಿಗೂ ಅಂಕ ಕೊಡುವುದು ನನ್ನ ಕೆಲಸ. ಚೆಂಡನ್ನು ಎಸೆಯುವ ಮೊದಲೇ, ಆಟ ಶುರುವಾದ ಗೆರೆಯ ಹಿಂದೆಯೇ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕುರುಳಿಸಿದರೆ ಅದು ಸ್ಯಾಕ್. ಈ ಋತುವಿನಲ್ಲಿ ಆ ಸಾಲಿನ ಎಡತುದಿಯಲ್ಲಿ ನಿಲ್ಲುವ ನಮ್ಮ ಲೆಫ್ಟ್ ಟ್ಯಾಕಲ್ ಹದಿನಾರು ವರ್ಷದ ಕನ್ನಡದ ಹುಡುಗ. ಕಳೆದ ತಿಂಗಳು ಅವನ ತಂದೆ ಏಳೂವರೆಗೇ ಕರೆ ಮಾಡಿದರು.

‘ಸರ್, ನಿನ್ನೆ ಇವನು ಮೂರು ಸ್ಯಾಕ್ ಕೊಟ್ಟುಬಿಟ್ಟ. ಮುಂದಿನ ವಾರ ಕೂರಿಸಿಬಿಡ್ತೀರಾ?’

‘ಪಂದ್ಯ ಇನ್ನೊಂದು ಸಲ ನೋಡಿದ್ರಾ?’

‘ಇಲ್ಲ ಸರ್, ನೋಡೋಕೆ ಮನಸ್ಸೇ ಬರಲಿಲ್ಲ.’

ಚಿತ್ರ ನೋಡದೆ ನಾನು ಯಾರ ಬಗ್ಗೆಯೂ ಮಾತನಾಡುವುದಿಲ್ಲವೆಂದು ಹೇಳಿ ಫೋನಿಟ್ಟೆ. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಮಗ ನೆಲಕ್ಕೆ ಬಿದ್ದುದನ್ನು ಗ್ಯಾಲರಿಯಲ್ಲಿ ಕುಳಿತು ಕಂಡ ತಂದೆಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಸ್ಯಾಕ್‌ಗಳನ್ನು ಎಣಿಸಿ ಲೈನ್‌ಮನ್‌ನ ಯೋಗ್ಯತೆಯನ್ನು ತೀರ್ಮಾನಿಸುವ ಈ ಅಭ್ಯಾಸ ಪೋಷಕರಲ್ಲಷ್ಟೇ ಅಲ್ಲ, ವರ್ಷಗಟ್ಟಲೆ ಆಟ ನೋಡಿದವರಲ್ಲಿಯೂ ಇದೆ. ಅದರಿಂದ ಎಳೆಯ ಆಟಗಾರರಿಗೆ ಆಗುವ ಅನ್ಯಾಯವನ್ನು ಕಂಡು ಕಂಡು ನನ್ನ ತಾಳ್ಮೆ ತೀರಿದೆ.

ಸ್ಯಾಕ್ ಎಂಬುದು ಒಂದು ಆಟದ, ಅಂದರೆ ಚೆಂಡು ಕೈಗೆ ಬಂದಾಗಿನಿಂದ ಸೀಟಿ ಊದುವವರೆಗಿನ ಒಂದು ಸುತ್ತಿನ, ಫಲಿತಾಂಶವೇ ಹೊರತು ಒಬ್ಬ ಆಟಗಾರನ ಕೆಲಸದ ಅಳತೆಯಲ್ಲ. ಫಲಿತಾಂಶದಲ್ಲಿ ಹನ್ನೊಂದು ಮಂದಿಯ ಪಾಲಿರುತ್ತದೆ. ಒಬ್ಬನ ಕೆಲಸವನ್ನು ಅಳೆಯಬೇಕಾದರೆ ಆ ಆಟದಲ್ಲಿ ಅವನಿಗೆ ಯಾವ ಹೊಣೆ ವಹಿಸಲಾಗಿತ್ತು ಎಂಬುದು ಮೊದಲು ಗೊತ್ತಿರಬೇಕು. ಇದನ್ನು ಎಷ್ಟು ಸಲ ವಿವರಿಸಿದರೂ ತಲೆಯಾಡಿಸಿದವರೇ ಮುಂದಿನ ಶನಿವಾರ ಮತ್ತೆ ಸ್ಯಾಕ್ ಎಣಿಸಿಕೊಂಡು ಬರುವುದರಿಂದ, ಅಂದಿನ ಮೂರನ್ನೂ ಬಿಡಿಸಿ ಹೇಳುತ್ತೇನೆ.

ಮೊದಲನೆಯದರಲ್ಲಿ ಎದುರಾಳಿ ಎಂಡ್, ಅಂದರೆ ಅವರ ಸಾಲಿನ ತುದಿಯಲ್ಲಿ ನಿಲ್ಲುವವನು, ಹೊರಬದಿಯಿಂದ ವೇಗವಾಗಿ ನುಗ್ಗಿದ. ನಮ್ಮ ಹುಡುಗ ಹಿಂದಕ್ಕೆ ಹೆಜ್ಜೆಯಿಡುತ್ತ, ಎರಡೂ ಕೈಗಳನ್ನು ಅವನ ಎದೆಗೆ ಕೊಟ್ಟು, ಕ್ವಾರ್ಟರ್‌ಬ್ಯಾಕ್ ನಿಲ್ಲಬೇಕಾದ ಜಾಗದ ಆಚೆಗೆ ಅವನನ್ನು ಸುತ್ತಿಸಿಕೊಂಡು ಹೋದ. ಟ್ಯಾಕಲ್ ಮಾಡಬೇಕಾದದ್ದು ಅಷ್ಟೇ. ಏಳೆಂಟು ಗಜ ಹಿಂದೆ ನಿಂತು ಎಸೆಯಬೇಕಿದ್ದ ಕ್ವಾರ್ಟರ್‌ಬ್ಯಾಕ್ ಮಾತ್ರ ಗಾಬರಿಯಲ್ಲಿ ಹಿಂದೆ ಸರಿಯುತ್ತ ಹನ್ನೊಂದು ಗಜದವರೆಗೆ ಹೋಗಿ, ಸುತ್ತಿ ಬರುತ್ತಿದ್ದ ಎಂಡ್‌ನ ತೋಳಿಗೇ ಸಿಕ್ಕಿಬಿದ್ದ. ನನ್ನ ಹಾಳೆಯಲ್ಲಿ ಈ ಆಟದಲ್ಲಿ ಟ್ಯಾಕಲ್‌ಗೆ ಪ್ಲಸ್ ಇದೆ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಎಂಡ್ ಒಳಕ್ಕೆ ನುಗ್ಗಿ, ಟ್ಯಾಕಲ್‌ನ ಪಕ್ಕದಲ್ಲಿ ಒಳಬದಿಗೆ ನಿಲ್ಲುವ ನಮ್ಮ ಗಾರ್ಡ್‌ನ ಕಡೆಗೆ ಬಂದ. ಗಾರ್ಡ್‌ನ ಎದುರಿದ್ದವನು ಎಂಡ್‌ನ ಬೆನ್ನ ಹಿಂದಿನಿಂದ ಹೊರಕ್ಕೆ ಸುತ್ತಿ ಬಂದ. ಇದಕ್ಕೆ ಸ್ಟಂಟ್ ಎನ್ನುತ್ತೇವೆ. ಅಂದು ನಮ್ಮ ಲೈನಿಗೆ ಇದ್ದ ಸೂಚನೆಯ ಪ್ರಕಾರ ಪ್ರತಿಯೊಬ್ಬನೂ ತನ್ನ ಜಾಗವನ್ನು ಕಾಯಬೇಕು, ಆ ಜಾಗಕ್ಕೆ ಯಾರು ಬರುತ್ತಾರೋ ಅವರನ್ನು ತಡೆಯಬೇಕು. ಟ್ಯಾಕಲ್ ಎಂಡ್‌ನನ್ನು ಒಳಕ್ಕೆ ಒಪ್ಪಿಸಿ, ಸುತ್ತಿ ಬಂದವನನ್ನು ಹಿಡಿದ. ಗಾರ್ಡ್ ಸೂಚನೆಯನ್ನು ಮರೆತು, ತನ್ನ ಎದುರಿದ್ದವನ ಬೆನ್ನು ಹತ್ತಿ ಹೊರಕ್ಕೆ ಬಂದ. ಒಬ್ಬನ ಮೇಲೆ ಇಬ್ಬರಾದರು, ಎಂಡ್‌ಗೆ ಯಾರೂ ಇಲ್ಲವಾಯಿತು. ಗ್ಯಾಲರಿಯಿಂದ ನೋಡಿದವರಿಗೆ ಕಂಡದ್ದು ಟ್ಯಾಕಲ್‌ನ ಎದುರು ನಿಂತಿದ್ದವನೇ ಸ್ಯಾಕ್ ಮಾಡಿದ ಎಂಬುದಷ್ಟೇ. ಆದ್ದರಿಂದ ತಪ್ಪು ಟ್ಯಾಕಲ್‌ನದೆಂದು ಎಲ್ಲರೂ ತೀರ್ಮಾನಿಸಿದರು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇನೆ. ಅದೇ ಆಟದಲ್ಲಿ ಸೂಚನೆ ಬೇರೆಯಾಗಿದ್ದು, ‘ನಿನ್ನ ಎದುರಿನವನು ಎಲ್ಲಿಗೆ ಹೋದರೂ ಅವನ ಹಿಂದೆಯೇ ಹೋಗು’ ಎಂದು ಹೇಳಿದ್ದರೆ, ಗಾರ್ಡ್ ಮಾಡಿದ್ದು ಸರಿಯಾಗುತ್ತಿತ್ತು, ಟ್ಯಾಕಲ್ ಮಾಡಿದ್ದು ತಪ್ಪಾಗುತ್ತಿತ್ತು. ಚಿತ್ರದಲ್ಲಿ ಒಂದು ಹೆಜ್ಜೆಯೂ ಬದಲಾಗುವುದಿಲ್ಲ, ತೀರ್ಪು ಪೂರ್ತಿ ತಿರುಗಿಬೀಳುತ್ತದೆ. ನಾನು ಖಚಿತವಾಗಿ ಹೇಳಬಲ್ಲೆನಾದರೆ ಅದಕ್ಕೆ ಕಾರಣ ನನ್ನ ಕಣ್ಣಿನ ಚುರುಕಲ್ಲ. ಆ ಸೂಚನೆ ಏನೆಂಬುದು ನನಗೆ ಮೊದಲೇ ಗೊತ್ತಿತ್ತು. ಬೇರೆ ತಂಡದ ಪಂದ್ಯವನ್ನು ನೋಡುವಾಗ ನಾನೂ ‘ಬಹುಶಃ’ ಎಂಬ ಪದವನ್ನು ಬಿಟ್ಟು ಮಾತನಾಡುವುದಿಲ್ಲ.

ಮೂರನೆಯ ಸ್ಯಾಕ್ ನಿಸ್ಸಂದೇಹವಾಗಿ ಹುಡುಗನದೇ. ಹೊರಬದಿಯ ವೇಗಕ್ಕೆ ಹೆದರಿ ಅಗತ್ಯಕ್ಕಿಂತ ಹೆಚ್ಚು ಅಗಲಕ್ಕೆ ಹೆಜ್ಜೆಯಿಟ್ಟ, ಸೊಂಟ ಹೊರಕ್ಕೆ ತಿರುಗಿತು, ಒಳಬದಿಯ ಬಾಗಿಲು ತೆರೆದುಕೊಂಡಿತು. ಅನುಭವಿ ಎಂಡ್‌ಗೆ ಅಷ್ಟು ಸಾಕು.

ಆದರೆ ಅಂದಿನ ಅವನ ಅತ್ಯಂತ ಕೆಟ್ಟ ಆಟ ಆ ಮೂರರಲ್ಲಿ ಯಾವುದೂ ಆಗಿರಲಿಲ್ಲ. ಅದು ನಲವತ್ತೊಂದನೆಯ ಆಟ. ನಾವು ಟಚ್‌ಡೌನ್ ಗಳಿಸಿದ ಆಟ! ಅಲ್ಲಿಯೂ ಅವನು ಅದೇ ರೀತಿ ಅಗಲಕ್ಕೆ ಹೋಗಿದ್ದ, ಎಂಡ್ ಯಾವ ಅಡೆತಡೆಯೂ ಇಲ್ಲದೆ ಒಳನುಗ್ಗಿದ್ದ. ಚೆಂಡು ಎರಡು ಸೆಕೆಂಡಿನೊಳಗೆ ಕ್ವಾರ್ಟರ್‌ಬ್ಯಾಕ್‌ನ ಕೈಬಿಟ್ಟು ಹೋಗಿದ್ದರಿಂದ ಯಾರ ಗಮನಕ್ಕೂ ಬರಲಿಲ್ಲ. ತಂದೆ ಎದ್ದುನಿಂತು ಚಪ್ಪಾಳೆ ತಟ್ಟಿರಬೇಕು. ಸ್ಯಾಕ್ ಎಣಿಸುವವರ ಲೆಕ್ಕದಲ್ಲಿ ಮಾಡದ ಎರಡು ತಪ್ಪುಗಳು ಸೇರಿದವು, ಮಾಡಿದ ಒಂದು ದೊಡ್ಡ ತಪ್ಪು ಬಿಟ್ಟುಹೋಯಿತು.

ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಲೈನಿನ ಕೆಲಸ ಕಾಣಬೇಕಾದರೆ ಗೋಲ್ ಪೋಸ್ಟ್‌ನ ಹಿಂದೆ ಎತ್ತರದಲ್ಲಿಟ್ಟ ಕ್ಯಾಮೆರಾ ಬೇಕು. ಹೆಜ್ಜೆಯ ಅಗಲ, ಕೈ ಎದೆಗೆ ಬಿತ್ತೋ ಭುಜಕ್ಕೆ ಬಿತ್ತೋ, ತಲೆ ಬಗ್ಗಿತೋ ಎಂಬುದೆಲ್ಲ ಅಲ್ಲಿಂದ ತಿಳಿಯುತ್ತದೆ. ಪ್ರತಿ ಆಟವನ್ನು ಕನಿಷ್ಠ ಐದು ಸಲ ಓಡಿಸಿ, ಒಂದು ಸಲಕ್ಕೆ ಒಬ್ಬನನ್ನು ಮಾತ್ರ ನೋಡುತ್ತೇನೆ. ಅವನಿಗೆ ತನ್ನ ಕೆಲಸ ಯಾವುದೆಂದು ಗೊತ್ತಿತ್ತೇ, ಮಾಡಿದ ವಿಧಾನ ಸರಿಯಿತ್ತೇ, ಸೀಟಿ ಊದುವವರೆಗೂ ಮಾಡಿದನೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದ ಮೇಲಷ್ಟೇ ಫಲಿತಾಂಶವನ್ನು ನೋಡುತ್ತೇನೆ. ಹುಡುಗ ಅಂದು ಆಡಿದ 58 ಆಟಗಳಲ್ಲಿ 47ಕ್ಕೆ ಪ್ಲಸ್ ಬಂದಿತ್ತು. ಆ ವಯಸ್ಸಿಗೆ, ಆ ಜಾಗದಲ್ಲಿ, ಇದು ಒಳ್ಳೆಯ ರಾತ್ರಿಯೆಂದೇ ನನ್ನ ಅಭಿಪ್ರಾಯ. ಒಂದೇ ಪಂದ್ಯವಾದ್ದರಿಂದ ಅದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ.

ಇಂಥ ಆತುರದ ತೀರ್ಪು ವೃತ್ತಿಪರ ಆಟದಲ್ಲಿಯೂ ತಪ್ಪಿದ್ದಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದ ಟ್ಯಾಕಲ್ ಆಂಡ್ರ್ಯೂ ಥಾಮಸ್‌ನನ್ನು ನ್ಯೂಯಾರ್ಕ್ ಜೈಂಟ್ಸ್ ತಂಡ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2020ರ ಡ್ರಾಫ್ಟಿನಲ್ಲಿ ನಾಲ್ಕನೆಯವನಾಗಿ ಆರಿಸಿಕೊಂಡಾಗ ಅವನಿಗೆ 21 ವರ್ಷ. ಅದೇ ವರ್ಷ ಟ್ಯಾಕಲ್‌ಗಳೇ ಆದ ಜೆಡ್ರಿಕ್ ವಿಲ್ಸ್ ಹತ್ತನೆಯವನಾಗಿ, ಮೆಕೈ ಬೆಕ್ಟನ್ ಹನ್ನೊಂದನೆಯವನಾಗಿ, ಟ್ರಿಸ್ಟನ್ ವರ್ಫ್ಸ್ ಹದಿಮೂರನೆಯವನಾಗಿ ಆಯ್ಕೆಯಾದರು. ಕೊರೊನಾದ ಕಾರಣ ಆ ವರ್ಷ ಋತುಪೂರ್ವ ಪಂದ್ಯಗಳೆಲ್ಲ ರದ್ದಾಗಿದ್ದವು. ಈ ಎಳೆಯರು ಒಂದೂ ತಾಲೀಮು ಪಂದ್ಯವಿಲ್ಲದೆ ಜಗತ್ತಿನ ಅತಿ ಬಲಿಷ್ಠ ಎಂಡ್‌ಗಳ ಎದುರು ನಿಲ್ಲಬೇಕಾಯಿತು. ಥಾಮಸ್‌ನ ಮೊದಲ ತಿಂಗಳುಗಳು ಕಷ್ಟದಲ್ಲಿ ಕಳೆದವು, ನಾಲ್ವರಲ್ಲಿ ತಪ್ಪಾದವನನ್ನೇ ಆರಿಸಿದರೆಂಬ ಮಾತು ದಟ್ಟವಾಗಿ ಹಬ್ಬಿತು.

ಆ ಪಂದ್ಯಗಳನ್ನು ನಾನೂ ನೋಡಿದ್ದೆ. ಅವನ ತಪ್ಪುಗಳು ನಿಜವಾದವೇ, ಅವುಗಳನ್ನು ಮುಚ್ಚಿಹಾಕಬೇಕಿಲ್ಲ. ಆದರೆ ಹೊರಗಿನವನಾಗಿ ನನಗೆ ಕಂಡ ಮಟ್ಟಿಗೆ ಅವು ಚದುರಿದ ತಪ್ಪುಗಳಾಗಿರದೆ ಬಹುಪಾಲು ಒಂದೇ ತಪ್ಪಿನ ಪುನರಾವರ್ತನೆಯಾಗಿದ್ದವು: ಹೊರಕ್ಕೆ ಅತಿಯಾಗಿ ಹೋಗಿ ಒಳದಾರಿಯನ್ನು ಬಿಟ್ಟುಕೊಡುವುದು. ಹತ್ತು ಕಡೆ ಹತ್ತು ಬಗೆಯಲ್ಲಿ ಸೋಲುವವನ ಬಗ್ಗೆ ನನಗೆ ಚಿಂತೆಯಾಗುತ್ತದೆ. ಒಂದೇ ಬಗೆಯಲ್ಲಿ ಹತ್ತು ಸಲ ಸೋಲುವ ಎಳೆಯನ ಕಾಲುಗಳನ್ನು ತಿದ್ದಲು ಬರುತ್ತದೆ. ಥಾಮಸ್ 2022ರ ಋತುವಿನಲ್ಲಿ ವರ್ಷದ ಅತ್ಯುತ್ತಮರನ್ನು ಹೆಸರಿಸುವ ಆಲ್-ಪ್ರೋ ಪಟ್ಟಿಯ ಎರಡನೆಯ ತಂಡಕ್ಕೆ ಆಯ್ಕೆಯಾದ. 2023ರ ಬೇಸಿಗೆಯಲ್ಲಿ ಜೈಂಟ್ಸ್ ಅವನೊಂದಿಗೆ 11.75 ಕೋಟಿ ಡಾಲರ್‌ಗಳ ಐದು ವರ್ಷದ ಒಪ್ಪಂದ ಮಾಡಿಕೊಂಡಿತು. ಎಲ್ಲ ಎಳೆಯರೂ ಹೀಗೆ ಸುಧಾರಿಸುತ್ತಾರೆಂದು ನಾನು ಭರವಸೆ ಕೊಡಲಾರೆ. ಗಾಯಗಳಾಗುತ್ತವೆ, ಕೆಲವರಿಗೆ ದೇಹ ಸಹಕರಿಸುವುದಿಲ್ಲ, ಕೆಲವರಿಗೆ ಹೇಳಿಕೊಡುವವರು ಸಿಗುವುದಿಲ್ಲ.

ಶನಿವಾರ ಮಧ್ಯಾಹ್ನ ಹುಡುಗ ತಂದೆಯನ್ನೂ ಕರೆದುಕೊಂಡು ಬಂದ. ಮೂರು ಸ್ಯಾಕ್‌ಗಳನ್ನು ನಾನು ತೋರಿಸಲಿಲ್ಲ. ನಲವತ್ತೊಂದನೆಯ ಆಟವನ್ನು ಹಾಕಿದೆ. ತಂದೆ ಚೆಂಡನ್ನೇ ನೋಡುತ್ತಿದ್ದರು. ಹುಡುಗ ಮಾತ್ರ ಎರಡನೆಯ ಸಲಕ್ಕೇ ತನ್ನ ಎಡಗಾಲನ್ನು ಬೆರಳಿಟ್ಟು ತೋರಿಸಿ, ‘ಇಲ್ಲಿ ನಾನು ತುಂಬ ಆಚೆ ಹೋಗಿಬಿಟ್ಟೆ ಅಲ್ವಾ ಕೋಚ್?’ ಎಂದ. ಮಂಗಳವಾರದ ಅಭ್ಯಾಸಕ್ಕೆ ಮೈದಾನದಲ್ಲಿ ಸುಣ್ಣದ ಒಂದು ಗೆರೆ ಎಳೆಸಿದೆ. ಎಡಗಾಲು ಆ ಗೆರೆಯನ್ನು ದಾಟದಂತೆ ನಲವತ್ತು ಸಲ ಹಿಂದಕ್ಕೆ ಹೆಜ್ಜೆಯಿಡಬೇಕಿತ್ತು, ಎದುರು ಯಾರೂ ಇಲ್ಲದೆ ಇಪ್ಪತ್ತು, ಎಂಡ್‌ನನ್ನು ನಿಲ್ಲಿಸಿ ಇಪ್ಪತ್ತು. ಗಾರ್ಡ್‌ನನ್ನೂ ಕರೆಸಿದ್ದೆ, ಸ್ಟಂಟ್ ಬಂದಾಗ ಯಾರನ್ನು ಯಾರಿಗೆ ಒಪ್ಪಿಸಬೇಕೆಂಬುದನ್ನು ಇಬ್ಬರೂ ಬಾಯಿಬಿಟ್ಟು ಕೂಗಿ ಹೇಳುವವರೆಗೆ ಅಂದು ಯಾರೂ ಮನೆಗೆ ಹೋಗುವಂತಿರಲಿಲ್ಲ.