ಲಿಂಕ್ ಚೆಕರ್‌ಗೇ ಮೊದಲು ಪರೀಕ್ಷೆ

ವೆಬ್‌ಸೈಟ್‌ಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಒಮ್ಮೆ ಒಂದು ಸೈಟಿನ ಮೇಲೆ ಲಿಂಕ್ ಚೆಕರ್, ಅಂದರೆ ಕೆಟ್ಟ ಲಿಂಕ್‌ಗಳನ್ನು ಹುಡುಕುವ ಟೂಲ್, ಓಡಿಸಿದೆ. ವರದಿ ಪೂರ್ತಿ ಹಸಿರು, ಒಂದು ದೋಷವೂ ಇಲ್ಲ. ಅದನ್ನೇ ನಂಬಿ ಕಳಿಸಿಬಿಟ್ಟೆ. ಎರಡೇ ದಿನಕ್ಕೆ ದೂರು ಬಂತು. ಅರ್ಜಿ ನಮೂನೆಯ ಲಿಂಕ್ ಒತ್ತಿದರೆ ‘ಕ್ಷಮಿಸಿ, ಈ ಪುಟ ಸಿಗಲಿಲ್ಲ’ ಅಂತ ಬರುತ್ತಿದೆಯಂತೆ. ತೆರೆದು ನೋಡಿದೆ, ನಿಜ. ಆದರೆ ಆ ಪುಟದ ಜೊತೆ ಸರ್ವರ್ ಕಳಿಸುತ್ತಿದ್ದ ಕೋಡ್ 200, ಅಂದರೆ ‘ಎಲ್ಲ ಸರಿ ಇದೆ’. ಪುಟ ಇಲ್ಲದಿದ್ದರೆ ಬರಬೇಕಾದ ಕೋಡ್ 404. ಅದರ ಬದಲು ಹೀಗೆ 200 ಬಂದರೆ ಸಾಫ್ಟ್ 404 ಅನ್ನುತ್ತಾರೆ. ಚೆಕರ್ ಓದುವುದು ಕೋಡನ್ನು. ಪುಟದಲ್ಲಿ ಏನು ಬರೆದಿದೆ ಎಂದು ಅದು ನೋಡಲೇ ಇಲ್ಲ.

ಅಂದಿನಿಂದ ಹೊಸ ಟೂಲ್ ಕೈಗೆ ಬಂದರೆ ಮೊದಲು ಅದಕ್ಕೇ ಪರೀಕ್ಷೆ. ಅದಕ್ಕೆಂದೇ ಒಂದು ಪುಟ್ಟ ಸೈಟ್ ಇಟ್ಟುಕೊಂಡಿದ್ದೇನೆ. ಅಲ್ಲಿ ಯಾವ ಲಿಂಕ್ ಸರಿ, ಯಾವುದು ಕೆಟ್ಟಿದೆ ಅಂತ ನನಗೆ ಮೊದಲೇ ಗೊತ್ತು. 404 ಕೊಡುವುದೊಂದು, ಪುಟವನ್ನು ಕಾಯಂ ತೆಗೆದಿದೆ ಎನ್ನುವ 410 ಒಂದು, ಒಂದು ವಿಳಾಸದಿಂದ ಇನ್ನೊಂದಕ್ಕೆ ಕಳಿಸುತ್ತಾ ಸುತ್ತಿ ಸುತ್ತಿ ಮೊದಲಿನ ಜಾಗಕ್ಕೇ ಬರುವ ರೀಡೈರೆಕ್ಟ್ ಒಂದು. ಜಾವಾಸ್ಕ್ರಿಪ್ಟ್ (ಬ್ರೌಸರ್‌ನೊಳಗೆ ಓಡುವ ಪ್ರೋಗ್ರಾಂ) ಓಡಿದ ಮೇಲಷ್ಟೇ ಕಾಣುವ ಲಿಂಕ್, ವಿಳಾಸದಲ್ಲಿ ಕನ್ನಡ ಅಕ್ಷರ ಇರುವ ಪುಟ, ಜೊತೆಗೆ ಆ ಸಾಫ್ಟ್ 404. ಟೂಲ್ ಕೊಟ್ಟ ಪಟ್ಟಿಯನ್ನು ನನ್ನ ಪಟ್ಟಿಯ ಪಕ್ಕ ಇಟ್ಟರೆ ಅದರ ಕಣ್ಣು ಎಷ್ಟು ಚುರುಕು ಅಂತ ತಿಳಿಯುತ್ತದೆ.

404 ಹಿಡಿಯದ ಟೂಲ್ ನಾನು ಕಂಡಿಲ್ಲ. ಎಡವುವುದು ಬೇರೆ ಕಡೆ. ವಿಳಾಸದಲ್ಲಿ ಹ್ಯಾಷ್ (#) ಗುರುತಿನ ನಂತರದ, ಪುಟದೊಳಗಿನ ಜಾಗ ಹೇಳುವ ಭಾಗ ಸರ್ವರ್‌ಗೆ ಹೋಗುವುದೇ ಇಲ್ಲ. ಹಾಗಾಗಿ ಪುಟ ಇದ್ದು, ಅದರೊಳಗೆ ನಾವು ಹೇಳಿದ ಭಾಗ ಇಲ್ಲದಿದ್ದರೂ ಸುಮ್ನೆ 200 ಬರುತ್ತದೆ. ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಲಿಂಕ್ ಚೆಕರ್ ಇದನ್ನೂ ಹುಡುಕಿ ನೋಡುತ್ತದೆ, ಅದಕ್ಕೇ ನನಗೆ ಅದು ಇಷ್ಟ. ಝೀನೂ ಎನ್ನುವ ಹಳೆಯ ಚೆಕರ್ ತುಂಬಾ ವೇಗ, ಆದರೆ ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ. ಸ್ಕ್ರೀಮಿಂಗ್ ಫ್ರಾಗ್ ಎನ್ನುವ ಟೂಲ್ ಅದನ್ನು ಓಡಿಸುತ್ತದೆ, ಆದರೆ ಹಣ ಕೊಟ್ಟರೆ ಮಾತ್ರ. ಉಚಿತವಾದದ್ದು 500 ವಿಳಾಸಕ್ಕೆ ನಿಲ್ಲುತ್ತದೆ.

ಸುಳ್ಳು ದೂರುಗಳದ್ದೂ ಕಾಟವೇ. ಎಷ್ಟೋ ಟೂಲ್‌ಗಳು ಡೇಟಾ ಉಳಿಸಲು ಪೂರ್ತಿ ಪುಟ ಕೇಳದೆ, ಕೋಡ್‌ನಂಥ ತಲೆಮಾಹಿತಿಯನ್ನಷ್ಟೇ ಕೇಳುವ ಹೆಡ್ ವಿನಂತಿ ಕಳಿಸುತ್ತವೆ. ಕೆಲವು ಸರ್ವರ್‌ಗಳಿಗೆ ಅದು ಒಗ್ಗುವುದಿಲ್ಲ, ‘ಆಗದು’ ಎನ್ನುವ 405 ಅಥವಾ 403 ಕೊಟ್ಟುಬಿಡುತ್ತವೆ. ಅದೇ ಲಿಂಕ್ ಬ್ರೌಸರ್‌ನಲ್ಲಿ ಚೆನ್ನಾಗಿಯೇ ತೆರೆಯುತ್ತದೆ! ಒಳ್ಳೆಯ ಟೂಲ್ ಪೂರ್ತಿ ಪುಟ ಕೇಳುವ ಗೆಟ್ ವಿನಂತಿಯಿಂದ ಇನ್ನೊಮ್ಮೆ ಕೇಳಿ ನೋಡುತ್ತದೆ. 429 ಬಂದರೆ ತಪ್ಪು ನಮ್ಮದು, ಜಾಸ್ತಿ ವೇಗವಾಗಿ ಕೇಳಿದ್ದೇವೆ. ವೇಗ ಇಳಿಸಿ ಮತ್ತೆ ಓಡಿಸಬೇಕು. ಇಂಥ ಸುಳ್ಳು ದೂರು ನೂರಾರು ಬಂದರೆ ವರದಿಯನ್ನು ಯಾರೂ ಓದುವುದಿಲ್ಲ ಅಲ್ವಾ? ಅದರ ನಡುವೆ ನಿಜವಾದದ್ದೂ ಕಳೆದುಹೋಗುತ್ತದೆ.

ಸಾಫ್ಟ್ 404ಗೆ ನನ್ನ ಬಳಿ ಒಂದು ಸರಳ ಉಪಾಯ ಇದೆ. ಟೂಲ್ ಓಡಿಸುವ ಮೊದಲು ಆ ಸೈಟಿನಲ್ಲಿ ಇರಲು ಸಾಧ್ಯವೇ ಇಲ್ಲದ, ಬಾಯಿಗೆ ಬಂದ ಒಂದು ವಿಳಾಸ ಕೇಳುತ್ತೇನೆ. 404 ಬಂದರೆ ನೆಮ್ಮದಿ. 200 ಬಂದರೆ ಆ ಸೈಟಿನ ಯಾವ ಹಸಿರನ್ನೂ ನಂಬುವುದಿಲ್ಲ. ಮುಖ್ಯ ಲಿಂಕ್‌ಗಳನ್ನು ಒಂದೊಂದಾಗಿ ನಾನೇ ಒತ್ತಿ ನೋಡುತ್ತೇನೆ, ಅರ್ಜಿ ನಮೂನೆಯಿಂದಲೇ ಶುರು.