ಹಾರ್ಟ್ ಫೇಲ್ಯೂರ್‌ನಲ್ಲಿ ಏದುಸಿರು: ವಪೆಗೂ ಬೇಕು ಕಸರತ್ತು

ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಬೇಕಾದಷ್ಟು ರಕ್ತ ತಳ್ಳಲಾಗದ ಸ್ಥಿತಿ, ಇರುವವರಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ಯಾಕೆ ಅಂತ ಕೇಳಿದರೆ ನಾವೆಲ್ಲ ಥಟ್ಟನೆ ಹೇಳೋದು ಒಂದೇ: ಶ್ವಾಸಕೋಶದಲ್ಲಿ ನೀರು. ಉತ್ತರ ತಪ್ಪಲ್ಲ. ಆದರೆ ಮಾತ್ರೆಯಿಂದ ನೀರು ಇಳಿದ ಮೇಲೂ ಏದುಸಿರು ಪೂರ್ತಿ ಹೋಗದವರು ಎಷ್ಟೋ ಜನ ಇದ್ದಾರೆ. ಉಳಿದ ಆ ಏದುಸಿರಿನಲ್ಲಿ ಒಂದು ಪಾಲು ಉಸಿರೆಳೆಯುವ ಸ್ನಾಯುಗಳದ್ದು. ನನ್ನ ಪ್ರಕಾರ ಹಾರ್ಟ್ ಫೇಲ್ಯೂರ್ ಪಾಠ ಓದುವಾಗ ನಾವು ಜಾಸ್ತಿ ಮರೆಯೋದು ಇದನ್ನೇ.

ಮೊದಲು ವಪೆ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದ ಹಾಗೆ ಕೂತಿರುವ ಸ್ನಾಯು. ಅದು ಬಿಗಿಯಾದಾಗ ಕೆಳಗಿಳಿಯುತ್ತದೆ, ಎದೆಗೂಡಿನ ಒಳಗೆ ಒತ್ತಡ ತಗ್ಗುತ್ತದೆ, ಗಾಳಿ ನುಗ್ಗುತ್ತದೆ. ಕೈಕಾಲಿನ ಸ್ನಾಯುಗಳ ಹಾಗೆ ಇದಕ್ಕೂ ರಕ್ತ ಬೇಕು. ಇದೂ ಸೊರಗುತ್ತದೆ, ದಣಿಯುತ್ತದೆ.

ದಣಿದಾಗ ಏನಾಗುತ್ತದೆ ಅನ್ನೋದೇ ಸ್ವಾರಸ್ಯ. ವಪೆಯಲ್ಲಿ ಲ್ಯಾಕ್ಟೇಟ್‌ನಂಥವು, ಅಂದರೆ ಶ್ರಮ ಬಿದ್ದ ಸ್ನಾಯುವಿನಲ್ಲಿ ಹುಟ್ಟುವ ವಸ್ತುಗಳು, ಸೇರಿಕೊಂಡಾಗ ಅಲ್ಲಿನ ನರಗಳು ಮೆದುಳಿಗೆ ದೂರು ಒಯ್ಯುತ್ತವೆ. ತುರ್ತಿನಲ್ಲಿ ದೇಹವನ್ನು ಸಜ್ಜು ಮಾಡುವ ಸಿಂಪಥೆಟಿಕ್ ನರವ್ಯೂಹ ಎಚ್ಚೆತ್ತು ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಉಸಿರು ನಿಲ್ಲಬಾರದಲ್ವಾ, ಅದಕ್ಕೆ ಕಾಲಿನ ಪಾಲಿಗೆ ಕತ್ತರಿ. ಇದೇ ಮೆಟಬೊರಿಫ್ಲೆಕ್ಸ್. ಗಟ್ಟಿಮುಟ್ಟಾದವರಲ್ಲಿ ಇದು ಕಾಣಿಸೋದು ತುಂಬಾ ಶ್ರಮ ಬಿದ್ದಾಗ. ಹೃದಯ ಕಳಿಸುವ ರಕ್ತವೇ ಕಮ್ಮಿ ಇರುವವರಲ್ಲಿ ಸಣ್ಣ ಶ್ರಮಕ್ಕೇ ಶುರು. ಹಾಗಾಗಿ ರೋಗಿ 'ಕಾಲು ಸೋತು ಬರುತ್ತೆ' ಅಂದಾಗ ಕಾಲು ಮಾತ್ರ ನೋಡಿ ಎದ್ದು ಬರಬೇಡಿ. 2008ರಲ್ಲಿ ಬ್ರೆಜಿಲ್‌ನ ಒಂದು ತಂಡ ಇಂಥವರಿಗೆ 4 ವಾರ ಉಸಿರಿನ ಸ್ನಾಯುಗಳ ತರಬೇತಿ ಕೊಟ್ಟು ನೋಡಿತು. ಆಮೇಲೆ ಉಸಿರಿಗೆ ಭಾರ ಹಾಕಿದರೂ ಕೈಕಾಲಿನ ರಕ್ತದ ಹರಿವು ಮೊದಲಿನಷ್ಟು ಕುಸಿಯಲಿಲ್ಲ.

ಸ್ನಾಯು ಸೋತಿದೆ ಅಂತ ಹೇಳೋದು ಹೇಗೆ? ಎಂಐಪಿ (ಮ್ಯಾಕ್ಸಿಮಲ್ ಇನ್ಸ್ಪಿರೇಟರಿ ಪ್ರೆಶರ್) ಅಳೆದು. ಉಸಿರನ್ನೆಲ್ಲ ಹೊರಗೆ ಬಿಟ್ಟು, ಮುಚ್ಚಿದ ಕೊಳವೆಯಿಂದ ಆದಷ್ಟು ಜೋರಾಗಿ ಎಳೆದಾಗ ಹುಟ್ಟುವ ಒತ್ತಡ ಅದು. ಲೆಕ್ಕ ಸೆಂಟಿಮೀಟರ್ ನೀರಿನಲ್ಲಿ. ಈ ಅಳತೆ ತಲೆಗೆ ಹತ್ತದಿದ್ದರೆ ಒಂದು ಉದ್ದದ ಸ್ಟ್ರಾ ನೆನಪಿಸಿಕೊಳ್ಳಿ. ನೀರು 18 ಸೆಂಟಿಮೀಟರ್ ಮೇಲೇರಿ ನಿಂತರೆ ನಿಮ್ಮ ಎಳೆತ 18. ಅಷ್ಟೇ. ಆ ವಯಸ್ಸಿಗೆ ಇರಬೇಕಾದ ಎಂಐಪಿಯ 70 ಶೇಕಡಕ್ಕಿಂತ ಕಡಿಮೆ ಬಂದರೆ ಸ್ನಾಯು ದುರ್ಬಲ ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ.

ಒಂದು ಎಚ್ಚರಿಕೆ. ಎಂಐಪಿ ಅಳೆಯುವ ಮೀಟರಿನ ಬಾಯಿಕೊಳವೆಯ ಹತ್ತಿರ ಒಂದು ಪುಟ್ಟ ತೂತು ಇರುತ್ತದೆ. ಮೊದಲ ಸಲ ನಾನು ಅದನ್ನು ಬೆರಳಿನಿಂದ ಮುಚ್ಚಿಯೇ ಎಳೆದಿದ್ದೆ, ಗಾಳಿ ಸೋರುತ್ತಿದೆ ಅಂದುಕೊಂಡು. ಅಂಕಿ ಭರ್ಜರಿಯಾಗಿ ಬಂತು! ನಿಜವಾಗಿ ನಾನು ಎಳೆದಿದ್ದು ಕೆನ್ನೆಯಿಂದ. ಆ ಮೋಸ ನಡೆಯಬಾರದು ಅಂತಲೇ ಆ ತೂತು ಇರೋದು. ಬೆರಳು ತೆಗೆದರೆ ಕೆನ್ನೆಯ ಆಟ ನಡೆಯಲ್ಲ, ಎದೆಯೇ ಎಳೆಯಬೇಕು.

ಇನ್ನು ತರಬೇತಿ. ಸ್ಪ್ರಿಂಗ್ ಕವಾಟದ ಸಣ್ಣ ಸಾಧನ, ಅದನ್ನು ಥ್ರೆಶೋಲ್ಡ್ ಟ್ರೇನರ್ ಅಂತಾರೆ. ಇಟ್ಟಷ್ಟು ಒತ್ತಡ ಬರುವ ತನಕ ಕವಾಟ ಬಾಯಿ ಬಿಡಲ್ಲ. ಮೂಗಿಗೆ ಕ್ಲಿಪ್, ತುಟಿ ಬಿಗಿ, ಭುಜ ಸಡಿಲ. ಭುಜ ಕಿವಿಯತ್ತ ಏರಿದರೆ ಕೆಲಸ ಕತ್ತಿನ ಸ್ನಾಯುಗಳ ಪಾಲಾಯಿತು ಅಂತ ಅರ್ಥ. ಹೊಟ್ಟೆಯ ಮೇಲಿಟ್ಟ ಕೈ ಮುಂದೆ ಬರಬೇಕು. ಉಸಿರು ಬಿಡುವಾಗ ಯಾವ ಭಾರವೂ ಇಲ್ಲ. ಉಸಿರು ಬಿಗಿಹಿಡಿದು ತಿಣುಕಬಾರದು.

ಭಾರ ಎಷ್ಟು? 2006ರ ಒಂದು ಪ್ರಯೋಗದಲ್ಲಿ ಎಂಐಪಿಯ 30 ಶೇಕಡ ಭಾರದಲ್ಲಿ ದಿನಕ್ಕೆ 30 ನಿಮಿಷ, ವಾರದ 7 ದಿನವೂ, 12 ವಾರ ಮಾಡಿಸಿದರು. ಎಂಐಪಿ ದುಪ್ಪಟ್ಟಿಗಿಂತ ಜಾಸ್ತಿ ಆಯಿತು, 6 ನಿಮಿಷದಲ್ಲಿ ನಡೆಯುವ ದೂರವೂ ಹೆಚ್ಚಿತು. ಆದರೆ ಅವರು ಆರಿಸಿದ್ದು ಸ್ನಾಯು ದುರ್ಬಲ ಇದ್ದವರನ್ನೇ. ಎಲ್ಲರಿಗೂ ಇಷ್ಟು ಸಿಗುತ್ತೆ ಅಂತ ಬರೆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತೆ, ರೋಗಿಗೂ ನಿರಾಸೆ. ನಡಿಗೆ, ಸೈಕಲ್‌ನಂಥ ವ್ಯಾಯಾಮವೇ ಮುಖ್ಯ, ಇದು ಅದರ ಜೊತೆಗೆ. ಮಾತ್ರೆಗೆ ಬದಲು ಅಂತೂ ಖಂಡಿತ ಅಲ್ಲ.

ಲೆಕ್ಕ ಸುಲಭ. ಎಂಐಪಿ 60 ಇದ್ದರೆ ಭಾರ 18. ಕೆಲವು ವಾರ ಕಳೆದು ಎಂಐಪಿ 80 ಆದರೆ ಭಾರ 24 ಆಗಬೇಕು. ಹಳೇ 18ರಲ್ಲೇ ಬಿಟ್ಟರೆ ರೋಗಿ ಸುಮ್ನೆ ಉಸಿರಾಡುತ್ತಾ ಕೂತ ಹಾಗೆ. ಮತ್ತೆ ಮತ್ತೆ ಅಳೆಯೋದು ಅದಕ್ಕೇ.

ಉಸಿರೆಳೆದರೆ ಮೂರು ಚೆಂಡು ಮೇಲೇರುವ ಸ್ಪೈರೋಮೀಟರ್ ಇದಕ್ಕೆ ಸಾಟಿಯಲ್ಲ. ಅಲ್ಲಿ ನಿಧಾನವಾಗಿ ಎಳೆದರೆ ಶ್ರಮವೇ ಬೀಳಲ್ಲ.

ನಿಧಾನ ಉಸಿರಾಟವೂ ಬೇರೆಯೇ. ಅದು ಸ್ನಾಯು ಬಲಕ್ಕಲ್ಲ, ಉಸಿರಿನ ಲಯಕ್ಕೆ. ನಿಮಿಷಕ್ಕೆ ಸುಮಾರು 6 ಉಸಿರು. ಹಾರ್ಟ್ ಫೇಲ್ಯೂರ್ ಇರುವವರಲ್ಲಿ ಹೀಗೆ ಉಸಿರಾಡಿದಾಗ ರಕ್ತದ ಆಮ್ಲಜನಕ ಏರಿದ್ದನ್ನು ಇಟಲಿಯ ಸಂಶೋಧಕರು 1998ರಲ್ಲಿ ತೋರಿಸಿದರು. ಬ್ಯಾರೋರಿಫ್ಲೆಕ್ಸ್, ಅಂದರೆ ರಕ್ತದೊತ್ತಡವನ್ನು ಹದದಲ್ಲಿಡುವ ನರಗಳ ಪ್ರತಿಕ್ರಿಯೆ, ಚುರುಕಾಗುವುದನ್ನು 2002ರಲ್ಲಿ. ಸಾಧನ ಬೇಡ, ಭಾರ ಬೇಡ. ತಲೆ ಸುತ್ತಿದರೆ ನಿಲ್ಲಿಸಿ, ಎಂದಿನ ಉಸಿರಿಗೆ ಬರಬೇಕು.

ಯಾರಿಗೆ ಬೇಡ? ಇತ್ತೀಚೆಗೆ ನ್ಯೂಮೋಥೊರಾಕ್ಸ್ (ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಳ್ಳುವುದು) ಆದವರಿಗೆ, ಕಿವಿಯ ತಮಟೆ ಹರಿದವರಿಗೆ, ಎದೆನೋವು ಹತೋಟಿಯಲ್ಲಿ ಇಲ್ಲದವರಿಗೆ ಥ್ರೆಶೋಲ್ಡ್ ಟ್ರೇನರ್ ಕೊಡಬಾರದು. ಯಾರಿಗೇ ಆಗಲಿ, ವೈದ್ಯರು ಒಪ್ಪಿದ ಮೇಲೆಯೇ ಶುರು. ಹಾಗೇ ಪ್ರತಿ ಸಲ ಸಾಧನ ಕೈಗೆ ಕೊಡುವ ಮೊದಲು ಮೂರು ಮಾತು ಕೇಳಿ: ತೂಕ ಎಷ್ಟು, ಕಾಲು ಊದಿದೆಯಾ, ರಾತ್ರಿ ಎಷ್ಟು ದಿಂಬು ಬೇಕಾಯಿತು? ತೂಕ 3 ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದ್ದರೆ, ಅಥವಾ ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ಅವತ್ತು ಸಾಧನ ಪೆಟ್ಟಿಗೆಯಲ್ಲೇ ಇರಲಿ. ಮೊದಲು ವೈದ್ಯರಿಗೆ ತಿಳಿಸಬೇಕು.