ಹುಟ್ಟಿದ ನೆಲ, ಹೆತ್ತವರ ಕಾಗದ

ನನ್ನ ಅಜ್ಜ ಹುಟ್ಟಿದ್ದು ಸಕಲೇಶಪುರ ತಾಲ್ಲೂಕಿನ ಯಸಳೂರು ಹೋಬಳಿಯಲ್ಲಿ. ಯಾವ ವರ್ಷವೆಂದು ಮನೆಯಲ್ಲಿ ಯಾರಿಗೂ ಖಚಿತವಿಲ್ಲ. ದೊಡ್ಡ ಮಳೆಗೆ ಗದ್ದೆಯ ಬದು ಒಡೆದು ನಾಟಿಯೆಲ್ಲ ಕೊಚ್ಚಿಹೋದ ವರ್ಷ ಎಂದು ಅವರ ತಾಯಿ ಹೇಳುತ್ತಿದ್ದರಂತೆ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಹುಡುಗನ ಮುಖ ನೋಡಿ ವಯಸ್ಸು ಅಂದಾಜು ಮಾಡಿ, ಜೂನ್ ತಿಂಗಳ ಒಂದು ತಾರೀಖನ್ನು ಬರೆದುಕೊಂಡರು. ಅಜ್ಜ ಹುಟ್ಟಿದ್ದಕ್ಕೆ ಇರುವ ದಾಖಲೆ ಆ ಒಂದು ಸಾಲು ಮಾತ್ರ. ಆದರೂ ಅವರು ಭಾರತದ ಪೌರರು ಎಂಬುದನ್ನು ಯಾರೂ ಎಂದೂ ಅನುಮಾನಿಸಲಿಲ್ಲ. ಅವರು ಅದಕ್ಕಾಗಿ ಅರ್ಜಿ ಹಾಕಲಿಲ್ಲ, ಯಾರ ಮುಂದೆಯೂ ಪ್ರಮಾಣ ಮಾಡಲಿಲ್ಲ.

ಅದೇ ಹೋಬಳಿಯ ಕಾಫಿ ತೋಟವೊಂದರಲ್ಲಿ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಯಲ್ಲಿ ಕಳೆದ ಮಳೆಗಾಲ ಒಂದು ಹೆಣ್ಣುಮಗು ಹುಟ್ಟಿತು. ತಂದೆತಾಯಿ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರು. ಆ ಮಗು ಯಾವ ದೇಶಕ್ಕೆ ಸೇರಿದ್ದು ಎಂದು ಇಂದಿನ ಕಾನೂನನ್ನು ಕೇಳಿದರೆ, ಅದು ಮಗು ಹುಟ್ಟಿದ ನೆಲವನ್ನು ನೋಡಿ ಸುಮ್ಮನಾಗುವುದಿಲ್ಲ, ಹೆತ್ತವರು ಯಾರು ಎಂದು ಕೇಳುತ್ತದೆ. ಒಂದೇ ಹೋಬಳಿಯ ಈ ಎರಡು ಹುಟ್ಟುಗಳ ನಡುವೆ ಕಾನೂನು ಬಹಳ ದೂರ ನಡೆದಿದೆ.

ಮೊದಲು ಪದಗಳನ್ನೇ ನೋಡಬೇಕು. ಅಜ್ಜ ಹುಟ್ಟಿದಾಗ ಇದ್ದ ಮಾತು ‘ಪ್ರಜೆ’. ಸಂಸ್ಕೃತದಲ್ಲಿ ಅದಕ್ಕೆ ಸಂತಾನ ಎಂಬ ಅರ್ಥವೂ ಇದೆ. ದೊರೆ ತಂದೆ, ನಾವೆಲ್ಲ ಮಕ್ಕಳು. ಈಗ ಕಾನೂನು ಬಳಸುವ ಮಾತು ‘ಪೌರ’, ಅಂದರೆ ಪುರದವನು. ‘ನಾಗರಿಕ’ ಎಂದರೂ ನಗರದವನೇ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡವೊಂದು ಅಡ್ಡ ಇರುವ ಮಲೆನಾಡಿನಲ್ಲಿ ಬದುಕಿದವರಿಗೆ ಈ ಎರಡು ಮಾತುಗಳೂ ದೂರದ ಊರಿನಿಂದ ಬಂದವು. ಇಲ್ಲಿ ಗುರುತು ಕೇಳುವ ರೀತಿಯೇ ಬೇರೆ: ಯಾರ ಪೈಕಿ, ಯಾವ ಕಡೆಯವರು, ಘಟ್ಟದ ಮೇಲಿನವರೋ ಕೆಳಗಿನವರೋ.

ದೊರೆಗಳೂ ಒಬ್ಬರೇ ಆಗಿರಲಿಲ್ಲ. ಹಾಸನ ಜಿಲ್ಲೆ ಮತ್ತು ಅಂದು ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಚಿಕ್ಕಮಗಳೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಯಸಳೂರಿನಿಂದ ಗಡಿ ದಾಟಿ ಶನಿವಾರಸಂತೆಗೆ ಹೋದರೆ ಅದು ಕೊಡಗು, 1834ರಿಂದ ನೇರವಾಗಿ ಬ್ರಿಟಿಷರ ಆಳ್ವಿಕೆ. ಶಿರಾಡಿ ಘಾಟಿ ಇಳಿದರೆ ಮದ್ರಾಸ್ ಪ್ರಾಂತ್ಯ. ಶನಿವಾರಸಂತೆಯಲ್ಲಿ ಹುಟ್ಟಿದವನು ಬ್ರಿಟಿಷ್ ದೊರೆಯ ಪ್ರಜೆ. ಯಸಳೂರಿನಲ್ಲಿ ಹುಟ್ಟಿದವನು ಮಹಾರಾಜರ ಪ್ರಜೆ. ಬ್ರಿಟಿಷ್ ಕಾನೂನಿನ ಲೆಕ್ಕದಲ್ಲಿ ಬರೀ ‘ರಕ್ಷಣೆಗೆ ಒಳಪಟ್ಟ ವ್ಯಕ್ತಿ’. ಒಂದೇ ಸಂತೆಗೆ ಹೋಗಿ, ಒಂದೇ ಅಂಗಡಿಯಲ್ಲಿ ಉಪ್ಪು ಕೊಂಡು ಬರುವ ಇಬ್ಬರಿಗೆ ಎರಡು ಬಗೆಯ ಗುರುತು.

1947ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಬಂದ ಕೂಡಲೇ ಈ ಗೊಂದಲ ತೀರಲಿಲ್ಲ. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆಯಬೇಕಾಯಿತು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರ್ ಭಾರತದ ಸಂವಿಧಾನವೇ ಮೈಸೂರಿಗೂ ಸಂವಿಧಾನ ಎಂದು ಘೋಷಿಸಿದರು. ಮರುದಿನ ಸಂವಿಧಾನ ಅಂಗೀಕಾರವಾಯಿತು. ಇಡೀ ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು ಎಂದು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ಆದರೆ ಪೌರತ್ವದ 5ರಿಂದ 9ನೇ ವಿಧಿಗಳು ಅಷ್ಟು ದಿನ ಕಾಯಲಿಲ್ಲ. ಅವು ನವೆಂಬರ್ 26ರಂದೇ ಜಾರಿಯಾದವು. ದೇಶ ಗಣರಾಜ್ಯವಾಗುವ ಎರಡು ತಿಂಗಳ ಮೊದಲೇ ಅದರ ಜನ ಯಾರು ಎಂಬುದು ತೀರ್ಮಾನವಾಗಿತ್ತು. ಈ ಕ್ರಮ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ.

ತೀರ್ಮಾನವೇನೂ ಸುಲಭವಾಗಿರಲಿಲ್ಲ. 1949ರ ಆಗಸ್ಟ್ 10ರಂದು ಈ ವಿಧಿಗಳನ್ನು ಸಂವಿಧಾನ ಸಭೆಯ ಮುಂದಿಟ್ಟ ಅಂಬೇಡ್ಕರ್, ಕರಡು ಸಮಿತಿಗೆ ಇಷ್ಟು ತಲೆನೋವು ಕೊಟ್ಟ ವಿಧಿ ಇನ್ನೊಂದೇ ಒಂದು ಎಂದು ಹೇಳಿದರು. ವಿಭಜನೆಯ ಗಾಯ ಹಸಿಯಾಗಿತ್ತು. ಪೌರತ್ವಕ್ಕೆ ಧರ್ಮವನ್ನು ಆಧಾರ ಮಾಡಬೇಕೆಂದು ಪಂಜಾಬರಾವ್ ದೇಶಮುಖ್ ತಿದ್ದುಪಡಿ ತಂದರು, ಸಭೆ ಒಪ್ಪಲಿಲ್ಲ. ಉಳಿದ ನಿಯಮ ಉದಾರವಾಗಿತ್ತು. ಭಾರತದಲ್ಲಿ ಕಾಯಂ ನೆಲೆ ಇರಬೇಕು. ಅದರ ಜೊತೆಗೆ ಇಲ್ಲಿ ಹುಟ್ಟಿರಬೇಕು, ಇಲ್ಲವೇ ತಂದೆತಾಯಿಯಲ್ಲಿ ಒಬ್ಬರು ಇಲ್ಲಿ ಹುಟ್ಟಿರಬೇಕು, ಅದೂ ಇಲ್ಲದಿದ್ದರೆ ಹಿಂದಿನ 5 ವರ್ಷ ಇಲ್ಲಿ ವಾಸವಾಗಿರಬೇಕು. ನನ್ನ ಅಜ್ಜ ಹೊಲದಲ್ಲಿ ನಿಂತಿದ್ದಂತೆಯೇ ಪ್ರಜೆಯಿಂದ ಪೌರರಾದರು.

1955ರ ಪೌರತ್ವ ಕಾಯ್ದೆ ಐದು ಬಾಗಿಲುಗಳನ್ನು ತೆರೆಯಿತು: ಜನನ, ವಂಶ, ನೋಂದಣಿ, ದೇಶೀಕರಣ, ಹಾಗೂ ಗೋವಾ, ಪುದುಚೇರಿಗಳಂತೆ ಇಡೀ ಪ್ರದೇಶವೇ ದೇಶಕ್ಕೆ ಸೇರುವುದು. ಜನನದ ಬಾಗಿಲು ಅಂದು ಪೂರ್ತಿ ತೆರೆದಿತ್ತು. ರಾಯಭಾರಿಗಳ ಮಕ್ಕಳು ಮುಂತಾದ ಕೆಲವರನ್ನು ಬಿಟ್ಟರೆ, 1950ರ ಜನವರಿ 26ರ ನಂತರ ಈ ನೆಲದಲ್ಲಿ ಹುಟ್ಟಿದ ಮಗು ಭಾರತದ್ದೇ. ಹೆತ್ತವರು ಯಾರು ಎಂಬ ಪ್ರಶ್ನೆಯೇ ಇರಲಿಲ್ಲ.

ಆ ಬಾಗಿಲು ಎರಡು ಸಲ ಕಿರಿದಾಯಿತು. ಅಸ್ಸಾಮಿಗೆ ಹೊರದೇಶದಿಂದ ಬಂದವರ ಕುರಿತ 1985ರ ಅಸ್ಸಾಂ ಒಪ್ಪಂದ ಮತ್ತು ಶ್ರೀಲಂಕಾದ ನಿರಾಶ್ರಿತರ ಹಿನ್ನೆಲೆಯಲ್ಲಿ 1986ರ ತಿದ್ದುಪಡಿ ಬಂತು: 1987ರ ಜುಲೈ 1ರಿಂದ ಹುಟ್ಟಿದ ಮಗುವಿನ ತಂದೆತಾಯಿಯಲ್ಲಿ ಒಬ್ಬರಾದರೂ ಭಾರತದ ಪೌರರಾಗಿರಬೇಕು. 2003ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. 2004ರ ಡಿಸೆಂಬರ್ 3ರಿಂದ ಹುಟ್ಟಿದ ಮಗುವಿಗೆ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಲೈನ್ ಮನೆಯ ಮಗು ನಿಂತಿರುವುದು ಈ ಗೆರೆಯ ಈಚೆಗೆ. ನೆಲದಿಂದ ಆರಂಭವಾದ ಪೌರತ್ವ ರಕ್ತದ ಕಡೆಗೆ ಸರಿಯಿತು. ರಕ್ತವನ್ನು ಸಾಬೀತು ಮಾಡಲು ಇರುವುದು ಕಾಗದವೊಂದೇ ಆದ್ದರಿಂದ, ಕೊನೆಗೆ ಎಲ್ಲ ಭಾರವೂ ಕಾಗದದ ಮೇಲೆ ಬಿತ್ತು.

ಎಲ್ಲ ಬದಲಾವಣೆಯೂ ಕಿರಿದಾಗಿಸುವಂಥದ್ದಾಗಿರಲಿಲ್ಲ. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ 1992ರ ಡಿಸೆಂಬರ್ 10ರವರೆಗೆ ತಂದೆಯ ಮೂಲಕ ಮಾತ್ರ ವಂಶದ ಪೌರತ್ವ ಸಿಗುತ್ತಿತ್ತು. ಹಾಸನದ ಹೆಣ್ಣುಮಗಳು ವಿದೇಶಿಯನ್ನು ಮದುವೆಯಾಗಿ ಅಲ್ಲಿ ಹೆತ್ತರೆ, ಕಾನೂನಿನ ಕಣ್ಣಿಗೆ ಅವಳ ದೇಶ ಮಗುವಿಗೆ ದಾಟುತ್ತಿರಲಿಲ್ಲ. ಸಂವಿಧಾನ ಬಂದು 42 ವರ್ಷ ಕಳೆದ ಮೇಲೆ ತಾಯಿಯೂ ಲೆಕ್ಕಕ್ಕೆ ಬಂದಳು. ಇಷ್ಟು ತಡವಾದದ್ದು ನನ್ನನ್ನು ಈಗಲೂ ನೋಯಿಸುತ್ತದೆ.

ನೆಲದ ನಿಯಮಕ್ಕೆ ಎಷ್ಟು ಬಲವಿತ್ತು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಅರಕಲಗೂಡು, ರಾಮನಾಥಪುರದ ಮೇಲೆ ದಕ್ಷಿಣಕ್ಕೆ ಹೋದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ. 1960ರ ದಶಕದ ಆರಂಭದಿಂದ ಅಲ್ಲಿ ನೆಲೆನಿಂತ ಟಿಬೆಟನ್ನರು ದಶಕಗಳ ಕಾಲ ನಿರಾಶ್ರಿತರ ನೋಂದಣಿ ಪತ್ರದಲ್ಲೇ ಬದುಕಿದರು. 2013ರಲ್ಲಿ ಕರ್ನಾಟಕ ಹೈಕೋರ್ಟ್, 1950ರ ಜನವರಿ 26ಕ್ಕೂ 1987ರ ಜುಲೈ 1ಕ್ಕೂ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಪೌರರು ಎಂದು ತೀರ್ಪು ನೀಡಿತು. ಅಣ್ಣ 1986ರಲ್ಲಿ, ತಂಗಿ 1988ರಲ್ಲಿ ಹುಟ್ಟಿದ್ದರೆ ಒಂದೇ ಒಲೆಯ ಸುತ್ತ ಎರಡು ಬಗೆಯ ಗುರುತು. ನಮ್ಮ ಅಜ್ಜಂದಿರ ಶನಿವಾರಸಂತೆ ಮತ್ತೆ ಬಂದಂತೆ.

ಹೊರಗಿನಿಂದ ಬಂದು ಪೌರರಾಗುವ ದಾರಿ ದೇಶೀಕರಣ. ಆರಂಭದಲ್ಲಿ ಅದಕ್ಕೆ ಒಟ್ಟು 5 ವರ್ಷದ ವಾಸ ಸಾಕಿತ್ತು. 1986ರ ತಿದ್ದುಪಡಿ ಅದನ್ನು 10ಕ್ಕೆ, 2003ರದ್ದು 12ಕ್ಕೆ ಏರಿಸಿತು: ಅರ್ಜಿಗೆ ಮುಂಚಿನ 12 ತಿಂಗಳು ಸತತವಾಗಿ, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ 11 ವರ್ಷ. ನಡತೆ ಒಳ್ಳೆಯದಿರಬೇಕು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಹೆಸರಿಸಿದ ಭಾಷೆಗಳಲ್ಲಿ ಒಂದು ತಕ್ಕಷ್ಟು ತಿಳಿದಿರಬೇಕು. ಅಂದರೆ ಹಿಂದಿಯ ಒಂದಕ್ಷರ ಬಾರದೆ ಕನ್ನಡವಷ್ಟೇ ಬರುವವರೂ ಭಾರತದ ಪೌರರಾಗಬಹುದು! ಈ ಮಾತನ್ನು ನಮ್ಮವರೇ ಎಷ್ಟೋ ಜನ ಕೇಳಿಲ್ಲ. ಅರ್ಜಿ ಜಿಲ್ಲಾಧಿಕಾರಿಯಿಂದ ರಾಜ್ಯ ಸರ್ಕಾರಕ್ಕೆ, ಅಲ್ಲಿಂದ ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗುತ್ತದೆ. ಒಪ್ಪಿಗೆಯಾದರೆ ಹಳೆಯ ದೇಶದ ಪೌರತ್ವ ಬಿಟ್ಟು ಪ್ರಮಾಣ ಮಾಡಬೇಕು. ಆ ಪ್ರಮಾಣದ ನಿಷ್ಠೆ ಭಾರತದ ಸಂವಿಧಾನಕ್ಕೆ.

2019ರ ತಿದ್ದುಪಡಿ ಈ ಅವಧಿಯನ್ನು ಕೆಲವರಿಗೆ ಮಾತ್ರ ಇಳಿಸಿತು. 2014ರ ಡಿಸೆಂಬರ್ 31ರೊಳಗೆ ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ ಮತ್ತು ಕ್ರೈಸ್ತರಿಗೆ 11 ವರ್ಷ 5 ಆಯಿತು. ನಿಯಮಗಳು 2024ರ ಮಾರ್ಚ್‌ನಲ್ಲಿ ಹೊರಬಿದ್ದವು. 1949ರಲ್ಲಿ ಸಂವಿಧಾನ ಸಭೆ ಬೇಡವೆಂದು ಬದಿಗಿಟ್ಟ ಧರ್ಮದ ಅಳತೆ ಕಾಯ್ದೆಯೊಳಗೆ ಬಂದದ್ದು ಇದೇ ಮೊದಲು. ಅಂದಿನ ಸಭೆಯ ನಿಲುವೇ ಸರಿ ಎಂದು ನಾನು ನಂಬಿದ್ದೇನೆ.

ಪೌರತ್ವ ಕಳೆದುಕೊಳ್ಳುವುದು ಮಾತ್ರ ಸುಲಭ. ಸ್ವಇಚ್ಛೆಯಿಂದ ಇನ್ನೊಂದು ದೇಶದ ಪೌರತ್ವ ಪಡೆದರೆ ಭಾರತದ್ದು ಅಲ್ಲಿಗೆ ಮುಗಿಯಿತು. ಚಿಕ್ಕಮಗಳೂರು, ಮೂಡಿಗೆರೆಯ ಬೆಳೆಗಾರರ ಮನೆಗಳಲ್ಲಿ ಇದು ಊಟದ ಹೊತ್ತಿನ ಮಾತು. ಅಮೆರಿಕದ ಪೌರನಾದ ಮಗನಿಗೆ 2005ರ ತಿದ್ದುಪಡಿಯಿಂದ ಬಂದ ಓಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಸಿಗುತ್ತದೆ. ವೀಸಾ ಇಲ್ಲದೆ ಬಂದುಹೋಗಬಹುದು. ಆದರೆ ಮತದಾನವಿಲ್ಲ. ಕೃಷಿ ಜಮೀನನ್ನಾಗಲಿ ಪ್ಲಾಂಟೇಶನ್ನನ್ನಾಗಲಿ ಅವನು ಕೊಳ್ಳುವಂತಿಲ್ಲ. ಅಪ್ಪನ ತೋಟ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಪಕ್ಕದ ಎರಡು ಎಕರೆ ಸೇರಿಸಿಕೊಳ್ಳಲಾಗದು. ಆ ತೋಟದಲ್ಲೇ ಹುಟ್ಟಿ ಬೆಳೆದ ಹುಡುಗನಿಗೆ ಈ ನೆಲ ಹೊಸದಾಗಿ ದಕ್ಕುವುದಿಲ್ಲ.

ಇನ್ನು ಲೈನ್ ಮನೆಗೆ ಬರುತ್ತೇನೆ. ತೋಟದ ಹಾಜರಿ ಪುಸ್ತಕವಾದ ಚೆಕ್‌ರೋಲಿನಲ್ಲಿ ಹೆಸರಿದ್ದರೆ ಕೂಲಿ ಸಿಗುತ್ತದೆ, ಪೌರತ್ವ ಸಿಗುವುದಿಲ್ಲ. ಆಧಾರ್ ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ತಾನು ವಿದೇಶಿಯಲ್ಲ ಎಂದು ತೋರಿಸುವ ಹೊಣೆಯನ್ನು 1946ರಷ್ಟು ಹಿಂದೆಯೇ ಕಾನೂನು ಪ್ರಶ್ನೆಗೆ ಒಳಗಾದವನ ಮೇಲೆ ಹೊರಿಸಿತ್ತು. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ನೋಂದಣಿಯ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೂ ಏನಾಗಬಹುದು ಎಂದು ಅಲ್ಲಿಂದ ಬಂದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಗುವಿನ ತಂದೆ ತನ್ನ ತಂದೆಯ ಹೆಸರಿರುವ ಹಳೆಯ ಮತದಾರರ ಪಟ್ಟಿಯ ಪ್ರತಿಯನ್ನು ಮನೆಯ ಅಕ್ಕಿ ಡಬ್ಬದ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ.

ಮಗುವಿನ ಜನನವನ್ನು 21 ದಿನದೊಳಗೆ ತಿಳಿಸಿದರೆ ನೋಂದಣಿ ಸುಲಭ. ವರ್ಷ ಕಳೆದರೆ ದಂಡಾಧಿಕಾರಿಯ ಆದೇಶ ತರಬೇಕು. ತೋಟದ ಲೆಕ್ಕಪತ್ರ ನೋಡುವ ರೈಟರ್ ಇದನ್ನು ಬಲ್ಲವರು. ಮಳೆಯಲ್ಲೇ ಜೀಪು ಹತ್ತಿಸಿ ತಂದೆಯನ್ನು ಕರೆದುಕೊಂಡು ಹೋದರು. ಪ್ರಮಾಣ ಪತ್ರ ಬಂತು. ಅದರಲ್ಲಿ ತಾಯಿಯ ಹೆಸರಿನ ‘ಖ’ಕಾರ ‘ಕ’ಕಾರವಾಗಿತ್ತು. ಹೋಗಲಿ ಬಿಡಿ ಎಂದವರೂ ಇದ್ದರು. ತಂದೆ ಬಿಡಲಿಲ್ಲ. ಒಂದು ದಿನದ ಕೂಲಿ ಬಿಟ್ಟು, ಆ ಒಂದಕ್ಷರ ತಿದ್ದಿಸಲು ಮತ್ತೆ ಬಸ್ ಹತ್ತಿದರು.